ಚಿವುಟಿದ ಕುಡಿ

“ಬುದ್ಧಿ, ನನ್ನಿಂದ ಏನು ತಪ್ಪಾಯಿತು?” ಎಂದು ಚನ್ನಮಲ್ಲ ಗುರುಗಳನ್ನು ಕೇಳಿದ.

ಮಠದ ಶಿಷ್ಯರಲ್ಲಿ ಅವನೇ ಹಿರಿಯ, ಅವನೇ ಜಾಣ. ಗುರುಗಳು ಏನೇ ಕೇಳಲಿ, ಉಳಿದವರು ಬಾಯಿ ತೆರೆಯುವ ಮೊದಲೇ ಅವನ ಉತ್ತರ ಬಂದುಬಿಡುತ್ತಿತ್ತು. ಅಂಥವನಿಗೆ ಗುರುಗಳು, ದೂರದ ಊರಿನ ಹೊಸ ಪಾಠಶಾಲೆಗೆ ಹೊರಡು ಎಂದಿದ್ದರು. ಹೆತ್ತವರನ್ನು ಕಾಣದ ಅವನಿಗೆ ಗುರುಗಳೇ ತಂದೆ ತಾಯಿ. ಹೇಳಿಕೊಳ್ಳಲಾಗದ ಸಂಕಟವಾಗಿತ್ತು.

ಗುರುಗಳು ತಪ್ಪಿನ ಮಾತೆತ್ತದೆ ಕತೆ ಹೇಳಿದರು.

ಒಬ್ಬ ರೈತ. ರಾಗಿ ಬಿಟ್ಟು ಬೇರೇನೂ ಬೆಳೆದವನಲ್ಲ. ಒಂದು ವರ್ಷ ಸೇವಂತಿಗೆ ಹಾಕಿದ. ಗಿಡ ಗೇಣುದ್ದವಾದಾಗ ತುದಿಯ ಕುಡಿ ಚಿವುಟುವುದು ಹೂ ಬೆಳೆಯುವವರ ಪದ್ಧತಿ. ಇವನಿಗೆ ಕೈಯೇ ಬರಲಿಲ್ಲ. ನೆಟ್ಟಗೆ ಏಳುತ್ತಿದ್ದ ಗಿಡಗಳನ್ನು ನೋಡಿ ನೋಡಿ ಹಿಗ್ಗಿದ. ಹೂ ಬೆಳೆಯುವವರ ಮನೆಯಿಂದ ಬಂದ ಹೆಂಡತಿ ತಲೆ ಚಚ್ಚಿಕೊಂಡಳು.

“ಚೆನ್ನಾಗಿ ಬೆಳೀತಿರೋದನ್ನ ಯಾಕೆ ಚಿವುಟ್ಲಿ?” ಎಂದ ರೈತ.

“ಒಂದು ಸಾಲು ಚಿವುಟಿ ನೋಡಿ. ಆಮೇಲೆ ನೀವುಂಟು, ನಿಮ್ಮ ಗಿಡ ಉಂಟು,” ಎಂದಳು ಅವಳು.

ಒಲ್ಲದ ಮನಸ್ಸಿನಿಂದ ಚಿವುಟಿದ. ಕೆಲವೇ ದಿನಗಳಲ್ಲಿ ಆ ಸಾಲಿನಲ್ಲಿ ಒಂದೊಂದು ಎಲೆಯ ಬುಡದಿಂದಲೂ ಚಿಗುರು ಎದ್ದಿತು. ಏನೂ ಇಲ್ಲವೆಂದು ಅವನು ಅಂದುಕೊಂಡಿದ್ದ ಕಡೆಯಲ್ಲೆಲ್ಲ ಮೊಗ್ಗು ಕಾದು ಕೂತಿತ್ತು. ಕುಡಿಯಲ್ಲಿ ಒಂದು ರಸ ಹುಟ್ಟುತ್ತದೆ. ಜೀವಕೋಶದಿಂದ ಜೀವಕೋಶಕ್ಕೆ ದಾಟುತ್ತ ಕೆಳಗಿಳಿಯುತ್ತದೆ. ಅದು ಇಳಿಯುತ್ತಿರುವ ತನಕ ಕೆಳಗಿನ ಮೊಗ್ಗು ಏಳುವುದಿಲ್ಲ. ಗಿಡಕ್ಕೆ ಬಾಯಿಲ್ಲ, ಕಿವಿಯಿಲ್ಲ. ಆದರೂ ತುದಿಯ ಮಾತು ಬುಡಕ್ಕೆ ತಿಳಿಯುತ್ತದೆ. ರೈತನಿಗೆ ಇದೆಲ್ಲ ಗೊತ್ತಿರಲಿಲ್ಲ. ಚಿಗುರು ಕಂಡು ಬೆರಗಾದ, ಅಷ್ಟೆ.

ಚಿವುಟಿದ ಕುಡಿಗಳನ್ನು ಹೆಂಡತಿ ಬಿಸಾಡಿರಲಿಲ್ಲ. ಒದ್ದೆ ಮರಳಿನಲ್ಲಿ ಊರಿದ್ದಳು. ರಸಕ್ಕೆ ಗೊತ್ತಿರುವುದು ಇಳಿಯುವುದೊಂದೇ. ಗಿಡದಿಂದ ಬೇರೆಯಾದ ಮೇಲೂ ಇಳಿಯಿತು, ಗಾಯದ ಹತ್ತಿರ ಬಂದು ನಿಂತಿತು, ಅಲ್ಲಿ ಬೇರು ಬರಿಸಿತು. ಮೊಗ್ಗನ್ನು ಏಳಗೊಡದಿದ್ದ ರಸವೂ ಅದೇ, ಬೇರು ಕೊಟ್ಟ ರಸವೂ ಅದೇ. ರೈತ ಒಂದು ಕುಡಿಯನ್ನು ಮೆಲ್ಲನೆ ಎಳೆದು ಬಿಳಿಯ ಬೇರು ನೋಡಿದ. ಅವನಿಗೆ ಅರಿವಿಲ್ಲದೆಯೇ ಕೈಗಳು ಮುಗಿದುಕೊಂಡವು.

ಚನ್ನಮಲ್ಲನಿಗೆ ಪಾಠದ ಹೊತ್ತಿನಲ್ಲಿ ತಲೆತಗ್ಗಿಸಿ ಕೂರುವ ಕಿರಿಯರ ಮುಖಗಳು ನೆನಪಾದವು. ತನ್ನನ್ನು ಕಳಿಸುವುದು ಏಕೆಂದು ತಿಳಿಯಿತು. ತಿಳಿದರೂ ಸಂಕಟ ಹೋಗಲಿಲ್ಲ.

“ಕುಡಿಗೆ ನೋವಾಗುವುದಿಲ್ಲವೇ ಬುದ್ಧಿ?” ಎಂದ.

“ಅದು ನನಗೆ ಗೊತ್ತಿಲ್ಲ ಮರಿ, ಚಿವುಟಿದ ಬೆರಳಿನಿಂದ ಮಾತ್ರ ಕುಡಿಯ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ,” ಎಂದರು ಗುರುಗಳು.