ಮೂರು ಕೂಗಿನ ದಿಬ್ಬ

ಗದುಗಿನಿಂದ ತುಂಗಭದ್ರೆಯ ಕಡೆಗೆ ಹೋಗುವ ದಾರಿಯಲ್ಲಿ, ಎರೆಹೊಲಗಳ ನಡುವೆ ಕರಿಬೆಂಚಿ ಎಂಬ ಸಣ್ಣ ಊರಿದೆ. ಬಸ್ಸಿನಿಂದ ಇಳಿದವರಿಗೆ ಊರಿಗಿಂತ ಮೊದಲು ಊರ ಮುಂದಿನ ದಿಬ್ಬವೇ ಕಣ್ಣಿಗೆ ಬೀಳುತ್ತದೆ. ಅದರ ನೆತ್ತಿಯ ಮೇಲೆ ಹೆಂಚು ಹೊದಿಸಿದ ಶಾಲೆ, ಶಾಲೆಯ ಅಂಗಳದಲ್ಲಿ ಕಬ್ಬಿಣದ ಜಾಳಿಗೆ ಮುಚ್ಚಿದ ಒಂದು ದುಂಡನೆಯ ಬಾಯಿ, ಅದರಿಂದ ಹತ್ತು ಹೆಜ್ಜೆ ಆಚೆ ಮೊಳದೆತ್ತರದ ಒಂದು ಕರಿಕಲ್ಲು. ದಿಬ್ಬದ ಬುಡದಲ್ಲಿ ಬೇವಿನ ಮರ, ಅದಕ್ಕೊಂದು ಕಟ್ಟೆ. ಇಷ್ಟೇ. ದೂರದಿಂದ ನೋಡಲು ಬಂದವರು ‘ಇಷ್ಟೇನಾ?’ ಎಂದು ಮುಖ ಸಣ್ಣದು ಮಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಂಥವರಿಗೆ ನಾನು, ಬೆಳಗಿನ ಹಾಜರಿಯ ಹೊತ್ತಿಗೆ ಬನ್ನಿ, ಆಮೇಲೆ ಮಾತಾಡೋಣ ಎನ್ನುತ್ತೇನೆ. ಈ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಹಾಜರಿ ಕೂಗಿ ನಿವೃತ್ತನಾದವನು ನಾನು. ನನ್ನ ಅಜ್ಜಿ ನಿಂಗವ್ವ ಇದೇ ದಿಬ್ಬದ ಮೇಲೆ ಅಕ್ಷರ ಕಲಿತವಳು, ಇದೇ ದಿಬ್ಬದ ಹೊಟ್ಟೆಯಿಂದ ಬದುಕಿ ಬಂದವಳು. ಆಕೆ ಹೇಳಿದ್ದನ್ನು, ಊರ ಹಿರಿಯರು ಹೇಳುತ್ತಿದ್ದುದನ್ನು ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಂದು ಕಾಲದಲ್ಲಿ ಇದಕ್ಕೆ ಹಗೇವಿನ ದಿಬ್ಬ ಎಂದೇ ಹೆಸರಿತ್ತು. ನೆಲದೊಳಗೆ ಎರಡಾಳುದ್ದ ತೋಡಿ, ಸುತ್ತ ಹುಲ್ಲು ಕಟ್ಟಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುವ ಕಣಜಕ್ಕೆ ನಮ್ಮ ಕಡೆ ಹಗೇವು ಎನ್ನುತ್ತಾರೆ. ಮಳೆನೀರು ನಿಲ್ಲದ ಎತ್ತರವೆಂದು ಊರವರೆಲ್ಲ ದಿಬ್ಬದ ಮೇಲೆಯೇ ಹಗೇವು ತೋಡಿದ್ದರು. ಹಗೇವು ತೆಗೆದ ಕೂಡಲೇ ಯಾರೂ ಒಳಗಿಳಿಯುವುದಿಲ್ಲ. ಒಳಗೆ ಕೂತ ಕೆಟ್ಟ ಗಾಳಿ ಆಳನ್ನು ಕೂಗಲೂ ಬಿಡದೆ ಕೆಡವುತ್ತದೆ. ಎರಡು ದಿನ ಬಾಯಿ ತೆರೆದಿಟ್ಟು, ಮೂರನೆಯ ದಿನ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಇಳಿಯುವುದು. ಇದು ಊರಿನ ಕೂಸಿಗೂ ಗೊತ್ತಿದ್ದ ಮಾತು.

ಕೂಸಿಗೂ ಗೊತ್ತಿದ್ದ ಇನ್ನೊಂದು ಮಾತೂ ಇತ್ತು. ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಕೊಡಬಾರದು. ವಾಂತಿಭೇದಿಯ ಬೇನೆ ಊರೂರು ತಿರುಗುವಾಗ ಗುರುತಿನವರ ದನಿಯಲ್ಲಿ ಬಾಗಿಲಿಗೆ ಬಂದು ಹೆಸರು ಹಿಡಿದು ಕೂಗುತ್ತದಂತೆ. ಓಗೊಟ್ಟವರು ಮೂರು ದಿನ ಬಾಳುವುದಿಲ್ಲವಂತೆ. ಆದರೆ ಬೇನೆಗೆ ತಾಳ್ಮೆ ಕಡಿಮೆ. ಎರಡು ಸಲ ಕೂಗಿ ಮುಂದಿನ ಮನೆಗೆ ಹೋಗುತ್ತದೆ. ಮೂರನೆಯ ಸಲ ಕೂಗುವುದು ಮನುಷ್ಯ ಮಾತ್ರ. ಆದ್ದರಿಂದ ಮೂರನೆಯ ಕೂಗಿಗೆ ಓಗೊಡಲೇಬೇಕು. ಕೂಗಿಸಿಕೊಂಡವನು ಮನೆಯಲ್ಲಿಲ್ಲದಿದ್ದರೆ ಅವನ ಪರವಾಗಿ ಇನ್ನೊಬ್ಬರಾದರೂ ಓಗೊಡಬೇಕು. ಮನುಷ್ಯರ ಕೂಗು ಬರಿದೆ ಹೋಗಬಾರದು ಎಂದು ನಿಯಮ.

ಇಂಥ ಊರಿಗೆ ಕಡಲಾಚೆಯ ಚಳಿದೇಶದಿಂದ ಒಟ್ಟೀಲಿಯಾ ಎಂಬ ಕ್ರೈಸ್ತ ಮಿಶನರಿ ಹೆಂಗಸು ಪಾಠ ಹೇಳಲು ಬಂದಳು. ಊರವರ ನಾಲಗೆಗೆ ಆ ಹೆಸರು ಹೊರಳದೆ ಓತಲವ್ವ ಎಂದರು. ಗೌಡರು ದಿಬ್ಬದ ಮೇಲೆ ಜಾಗ ಕೊಟ್ಟರು, ಪಟ್ಟಣದ ಮಿಶನ್ನಿನವರು ಗೋಡೆ ಎಬ್ಬಿಸಿದರು. ಮಿಶನರಿ ಎಂದರೆ ಎದೆಗಾರಿಕೆಯ ಆಳು ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಓತಲವ್ವ ಮಾತ್ರ ದೊಡ್ಡ ಹೆದರುಪುಕ್ಕಲಿಯಾಗಿದ್ದಳು ಎಂದು ಅಜ್ಜಿ ನಗುತ್ತಿದ್ದಳು. ಹಲ್ಲಿ ಲೊಚಗುಟ್ಟಿದರೆ ಬೆಚ್ಚುವಳು, ಎಮ್ಮೆ ಎದುರಾದರೆ ದಾರಿ ಬಿಟ್ಟು ಹೊಲಕ್ಕಿಳಿಯುವಳು, ಹಗೇವುಗಳ ಮೇಲೆ ಹಾಯ್ದು ಹೋಗುವಾಗ ನೆಲ ಕುಸಿದೀತೆಂದು ಲಂಗ ಎತ್ತಿ ಹಿಡಿದು ತುದಿಗಾಲಲ್ಲಿ ನಡೆಯುವಳು. ಹೆದರುವವರ ಮೇಲೆ ಕಪ್ಪೆ ಎಸೆದಂತೆ ಮಕ್ಕಳು ಬೇಕೆಂದೇ ಓತಿಕ್ಯಾತ ಹಿಡಿದು ತಂದು ಆಕೆಯ ಮೇಜಿನ ಮೇಲೆ ಬಿಡುತ್ತಿದ್ದರು. ಆದರೂ ಆಕೆ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಹೆದರುತ್ತಲೇ ಬರುವಳು, ಹೆದರುತ್ತಲೇ ಪಾಠ ಹೇಳುವಳು.

ಮೊದಲ ದಿನದ ಹಾಜರಿಯಲ್ಲೇ ತೊಡಕು ಬಿತ್ತು. ಆಕೆ ಪುಸ್ತಕ ನೋಡಿ ಒಂದೊಂದು ಹೆಸರನ್ನು ಒಂದೊಂದು ಸಲ ಕೂಗಿದಳು. ಎದುರಿಗೇ ಕೂತ ಮಕ್ಕಳು ಪಿಟ್ಟೆನ್ನಲಿಲ್ಲ. ಇವು ಕಿವುಡೋ, ಮೊಂಡೋ ಎಂದು ಆಕೆಗೆ ತಿಳಿಯಲಿಲ್ಲ. ಕಾರಣ ತಿಳಿದ ಮೇಲೆ, ಇದು ಮೂಢನಂಬಿಕೆ, ಇದನ್ನು ಬಿಡಿಸುವುದೇ ಮೊದಲ ಪಾಠ ಎಂದುಕೊಂಡಳು. ಮೊದಲ ಕೂಗಿಗೆ ‘ಬಂದೀನ್ರಿ’ ಎಂದವರಿಗೆ ಒಂದು ಚೂರು ಬೆಲ್ಲ. ಬೆಲ್ಲಕ್ಕೆ ಮೊದಲು ಸೋತವಳು ಕಲ್ಲವ್ವ, ಎಂಟು ವರ್ಷದ ಚುರುಕು ಹುಡುಗಿ, ಹಾಜರಿ ಪುಸ್ತಕದಲ್ಲಿ ಮೊದಲ ಹೆಸರು. ತಾಯಿ ಇಲ್ಲದ ಆಕೆಯನ್ನು ಅಜ್ಜಿ ಹಾಲವ್ವ ಸಾಕಿದ್ದಳು. ಹೆಸರು ಬಾಯಿಂದ ಪೂರ್ತಿ ಹೊರಡುವ ಮೊದಲೇ ಕಲ್ಲವ್ವ ಎದ್ದುನಿಂತು ‘ಬಂದೀನ್ರಿ’ ಎನ್ನುತ್ತಿದ್ದಳು. ಆರು ತಿಂಗಳಲ್ಲಿ ಎಲ್ಲ ಮಕ್ಕಳೂ ಅದೇ ದಾರಿ ಹಿಡಿದರು. ಗೆದ್ದೆನೆಂಬ ಸಂತೋಷದಲ್ಲಿ ಓತಲವ್ವ ತನ್ನ ದೇಶಕ್ಕೆ ಕಾಗದ ಬರೆದಳು ಎನ್ನುತ್ತಾರೆ.

ಆ ವರ್ಷದ ಶ್ರಾವಣದಲ್ಲಿ ಬೇನೆ ಬಂತು. ಊರಲ್ಲಿ ಮೊದಲು ಹೋದವಳು ಕಲ್ಲವ್ವ. ಬೆಳಿಗ್ಗೆ ಶಾಲೆಯಲ್ಲಿ ‘ಬಂದೀನ್ರಿ’ ಎಂದವಳು ಮರುದಿನ ಬೆಳಿಗ್ಗೆ ಇರಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಇಂದು ನಾವು ಹೇಳಬಹುದು. ಅಂದು ಹಾಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೊಮ್ಮಗಳನ್ನು ದಿಬ್ಬದ ಮೇಲೆ, ಶಾಲೆ ಕಾಣುವಂತೆ ಮಣ್ಣು ಮಾಡಿಸಿ, ಆ ಕರಿಕಲ್ಲು ನೆಡಿಸಿದ ಹಾಲವ್ವ ಓತಲವ್ವನ ಮುಂದೆ ನಿಂತು, ನನ್ನ ಕೂಸಿಗೆ ಒಂದೇ ಕೂಗಿಗೆ ಓಗೊಡುವುದನ್ನು ಕಲಿಸಿದವಳು ನೀನು ಎಂದಷ್ಟೇ ಹೇಳಿ ಹೋದಳಂತೆ. ಬೈಯಲಿಲ್ಲ, ಅಳಲಿಲ್ಲ. ಆ ಮಾತಿನಿಂದ ಓತಲವ್ವನ ಎದೆಯಲ್ಲಿ ಹೊಸದೊಂದು ಹೆದರಿಕೆ ಹೊಕ್ಕಿತು. ಅಲ್ಲಿಯವರೆಗೆ ಹಲ್ಲಿಗೆ, ಎಮ್ಮೆಗೆ ಹೆದರುತ್ತಿದ್ದವಳು ಈಗ ತನ್ನ ದನಿಗೇ ಹೆದರತೊಡಗಿದಳು. ಇದೆಲ್ಲ ಸುಳ್ಳೆಂದು ಆಕೆಯ ಧರ್ಮ ಹೇಳುತ್ತಿತ್ತು, ಓದು ಹೇಳುತ್ತಿತ್ತು. ಎದೆ ಮಾತ್ರ ಕೇಳುತ್ತಿರಲಿಲ್ಲ. ಕೆಂಪು ಮಸಿಯಲ್ಲಿ ಕಲ್ಲವ್ವನ ಹೆಸರಿನ ಮೇಲೆ ಗೆರೆ ಎಳೆದಳು. ಮಿಶನ್ನಿನವರು ಶಾಲೆ ಮುಚ್ಚಿ ಆಕೆಯನ್ನು ಪಟ್ಟಣಕ್ಕೆ ಕರೆಸಿಕೊಂಡರು. ಇತ್ತ ಊರಲ್ಲಿ ತಾಯಂದಿರು ಹುಣಸೆ ಬರಲು ಹಿಡಿದು ಮಕ್ಕಳಿಗೆ ಹಳೆಯ ಪಾಠವನ್ನು ಮತ್ತೆ ಕಲಿಸಿದರು. ಅದಕ್ಕೊಂದು ಹೊಸ ಮಾತನ್ನೂ ಸೇರಿಸಿದರು: ಓತಲವ್ವ ಪುಸ್ತಕ ಹಿಡಿದು ಬಂದರೆ ಅಡಗಿಕೊಳ್ಳಿ.

ಬೇನೆ ಹೋಯಿತು. ಹಿಂಗಾರಿ ಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟಿತು. ಶಾಲೆ ತೆರೆಯಬೇಕೆಂದು ಅಪ್ಪಣೆಯಾಗಿ, ಓತಲವ್ವ ಒಂದು ಬೆಳಗಿನ ಜಾವ ಪಟ್ಟಣದಿಂದ ಗಾಡಿಯಲ್ಲಿ ಹೊರಟು ಬಿಸಿಲೇರುವ ಹೊತ್ತಿಗೆ ಕರಿಬೆಂಚಿಗೆ ಬಂದಿಳಿದಳು. ಊರೆಲ್ಲ ಹೊಲಕ್ಕೆ ಹೋಗಿತ್ತು. ಮಂಡಿನೋವಿನ ಹಾಲವ್ವ ಒಬ್ಬಳೇ ಬೇವಿನ ಕಟ್ಟೆಯ ಮೇಲೆ ಹಳೆಬಟ್ಟೆಯ ಕೌದಿ ಹೊಲಿಯುತ್ತ ಕೂತಿದ್ದಳು. ಓತಲವ್ವ ತಲೆ ತಗ್ಗಿಸಿ ದಿಬ್ಬ ಹತ್ತಿದಳು. ದಿಬ್ಬದ ಮೇಲೆ ಐದು ಮಕ್ಕಳು ಸೀತನಿ ಎನ್ನುವ ಎಳೆ ಜೋಳದ ತೆನೆ ಸುಟ್ಟು ತಿನ್ನುತ್ತಿದ್ದವು. ಕಪ್ಪು ಮೇಲಂಗಿಯೂ ಕಂಕುಳಲ್ಲಿನ ಪುಸ್ತಕವೂ ದೂರದಿಂದಲೇ ಕಂಡು ಅವಕ್ಕೆ ಜೀವವೇ ಹಾರಿತು. ಹೊಸ ಜೋಳಕ್ಕೆಂದು ಗೌಡರ ಮನೆಯ ಹಗೇವನ್ನು ಆ ಬೆಳಿಗ್ಗೆಯಷ್ಟೇ ತೆಗೆದು, ನಾಯಿ ಬೀಳದಂತೆ ಈಚಲು ಚಾಪೆ ಮುಚ್ಚಿ ಹೋಗಿದ್ದರು. ತಳದಲ್ಲಿ ಕೊಳೆತ ಜೋಳ ಇನ್ನೂ ಇತ್ತು. ಕೆಟ್ಟ ಗಾಳಿಯ ಮಾತು ಮಕ್ಕಳಿಗೆ ಗೊತ್ತಿತ್ತು, ಆದರೆ ಓತಲವ್ವನ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಒಂದರ ಹಿಂದೆ ಒಂದು ಗೋಡೆಯ ಮೆಟ್ಟುಗುಳಿಗಳಲ್ಲಿ ಕಾಲಿಟ್ಟು ಇಳಿದು, ಮೇಲೆ ಚಾಪೆ ಎಳೆದುಕೊಂಡವು. ಕಡೆಯವಳು ನನ್ನ ಅಜ್ಜಿ ನಿಂಗವ್ವ, ಆಗ ಆರು ವರ್ಷದವಳು. ಕೆಳಗಿನ ಕಾವಿಗೆ, ನಾತಕ್ಕೆ ಹೆದರಿ ಬಾಯಿಯ ಹತ್ತಿರದ ಗುಳಿಯಲ್ಲೇ ಕಾಲೂರಿ ಗೋಡೆಗೆ ಅಂಟಿಕೊಂಡಳು.

ಓತಲವ್ವ ಮೇಲೆ ಬಂದಾಗ ಬೂದಿಯ ನಡುವೆ ಕೆಂಡ ಇನ್ನೂ ಕೆಂಪಗಿತ್ತು. ಅರ್ಧ ತಿಂದ ತೆನೆಗಳು ಬಿದ್ದಿದ್ದವು. ಮಕ್ಕಳು ಇಲ್ಲೇ ಎಲ್ಲೋ ಇದ್ದಾರೆ, ತನ್ನನ್ನು ಕಂಡೇ ಅಡಗಿದ್ದಾರೆ ಎಂದು ಆಕೆಗೆ ತಿಳಿಯಿತು. ಕೂಗಲು ಬಾಯಿ ಬರಲಿಲ್ಲ. ಕೊನೆಗೆ ಪುಸ್ತಕ ತೆರೆದು, ಕೆಂಪು ಗೆರೆಯ ಹೆಸರನ್ನು ಬಿಟ್ಟು, ಉಳಿದವನ್ನು ಕೂಗಿದಳು. ಫಕೀರವ್ವ, ಯಮನಪ್ಪ, ಗುರುಸಿದ್ದ, ಸೋಮವ್ವ, ನಿಂಗವ್ವ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದಳು. ಗಾಳಿಗೆ ಜೋಳದ ಗರಿ ಸದ್ದು ಮಾಡಿತು, ಅಷ್ಟೇ. ಹಗೇವಿನೊಳಗೆ ಮಕ್ಕಳು ಉಸಿರು ಬಿಗಿಹಿಡಿದು ಮೂರನೆಯ ಕೂಗಿಗೆ ಕಾಯುತ್ತಿದ್ದರು. ಕೆಳಗಿದ್ದವರಿಗೆ ಆಗಲೇ ಕಣ್ಣು ಎಳೆಯುತ್ತಿತ್ತಂತೆ. ಫಕೀರವ್ವ ಯಾಕೋ ಸೋಮವ್ವನ ತೊಡೆಯ ಮೇಲೆ ತಲೆಯಿಟ್ಟಳು, ಮತ್ತೆ ಎತ್ತಲಿಲ್ಲ ಎಂದು ಅಜ್ಜಿ ಎಪ್ಪತ್ತು ವರ್ಷದ ಮೇಲೂ ಹೇಳುತ್ತಿದ್ದಳು. ಮೇಲೆ ಓತಲವ್ವನಿಗೆ ಆ ಮೌನ ತಡೆಯಲಾಗಲಿಲ್ಲ. ಎದುರಿಗೆ ಕಲ್ಲವ್ವನ ಗೋರಿ. ತಾನು ಕೂಗಿದರೆ ಮಕ್ಕಳು ಸಾಯುತ್ತಾರೆ ಎಂಬ ಮಾತು ತಲೆಯಲ್ಲಿ ಗಿರಗಿರ ತಿರುಗಿತು. ಪುಸ್ತಕ ಮುಚ್ಚಿದಳು, ತಿರುಗಿದಳು, ಓಡಿದಂತೆ ದಿಬ್ಬ ಇಳಿದಳು. ಇನ್ನು ಈ ಊರಿಗೆ ಬರುವುದಿಲ್ಲ ಎಂದು ಆ ಇಳಿಜಾರಿನಲ್ಲೇ ತೀರ್ಮಾನಿಸಿದ್ದಳಂತೆ.

ಕಟ್ಟೆಯ ಮುಂದೆ ಹಾಯ್ದು ಹೋಗುವಾಗ ಹಾಲವ್ವ ಸೂಜಿಯಿಂದ ಕಣ್ಣೆತ್ತದೆ ಕೇಳಿದಳು.

“ಎರಡ ಸಲ ಕೂಗಿ ಹೋಗೂದು ಬ್ಯಾನಿ. ಮೂರನೇದ್ದು ಕೂಗೂದು ಮನಷ್ಯಾ. ನೀ ಯಾರವ್ವಾ?”

ಓತಲವ್ವ ನಿಂತಳು. ಆಮೇಲೆ ಪುಸ್ತಕವನ್ನು ಅಲ್ಲೇ ಮಣ್ಣಲ್ಲಿ ಬಿಟ್ಟು, ಲಂಗ ಎತ್ತಿ ಕಟ್ಟಿ, ಬಂದ ದಾರಿಯಲ್ಲೇ ಮೇಲಕ್ಕೆ ಓಡಿದಳು. ಅಂಗಳದ ನಡುವೆ ನಿಂತು ಮೂರನೆಯ ಸಲ ಕೂಗಿದಳು. ಪುಸ್ತಕ ಕೈಯಲ್ಲಿರಲಿಲ್ಲ, ಕೆಂಪು ಗೆರೆ ಕಣ್ಣೆದುರಿರಲಿಲ್ಲ. ಆರು ತಿಂಗಳು ದಿನವೂ ಕೂಗಿದ ನಾಲಗೆ ತನ್ನ ರೂಢಿಯಂತೆ ಮೊದಲ ಹೆಸರಿನಿಂದಲೇ ತೊಡಗಿತು.

“ಕಲ್ಲವ್ವ!”

ಬಾಯಿಂದ ಬಿದ್ದ ಮೇಲೆ ಆಕೆಗೆ ಅರಿವಾಯಿತು. ಅರಿವಾಗುವಷ್ಟರಲ್ಲಿ ನೆಲದೊಳಗಿನಿಂದ ಉತ್ತರ ಬಂದಿತು. ತೆಳ್ಳಗೆ, ದೂರದಿಂದ ಬಂದಂತೆ.

“ಬಂದೀನ್ರಿ.”

ಹಲ್ಲಿಗೆ ಬೆಚ್ಚುತ್ತಿದ್ದ ಹೆಂಗಸು. ಪಕ್ಕದಲ್ಲಿ ಗೋರಿ. ಸತ್ತ ಕೂಸಿನ ಹೆಸರಿಗೆ ಮಣ್ಣು ಓಗೊಟ್ಟಿದೆ. ಯಾರೇ ಆಗಿದ್ದರೂ ಅಲ್ಲಿಂದ ಕಾಲು ಕೀಳುತ್ತಿದ್ದರು. ನಾನಾಗಿದ್ದರೆ ಗದುಗಿನವರೆಗೆ ಓಡುತ್ತಿದ್ದೆ. ಓತಲವ್ವ ದನಿ ಬಂದ ಕಡೆಗೆ ಹೋದಳು. ಧೈರ್ಯ ಬಂದು ಹೋದಳೆಂದು ಯಾರೂ ತಿಳಿಯಬಾರದು, ಹೆದರಿಕೊಂಡೇ ಹೋದಳು. ಚಾಪೆ ಸರಿಸಿದಾಗ ಕೊಳೆತ ಜೋಳದ ಬಿಸಿ ನಾತ ಮುಖಕ್ಕೆ ಹೊಡೆಯಿತು. ಕತ್ತಲಲ್ಲಿ, ಬಾಯಿಯ ಹತ್ತಿರವೇ, ಒಂದು ಪುಟ್ಟ ಕೈ. ನನ್ನ ಅಜ್ಜಿಯನ್ನು ಎಳೆದು ಹೊರಗೆ ಹಾಕಿದಳು. ಕೆಳಗೆ ನಾಲ್ಕು ತಲೆಗಳು ಅಲುಗಾಡದೆ ಒರಗಿದ್ದವು.

ಮೊಮ್ಮಗಳನ್ನು ಮಣ್ಣು ಮಾಡಿದ ಮೇಲೆ ದಿಬ್ಬವನ್ನೇ ಹತ್ತದ ಹಾಲವ್ವ ಆ ಹೊತ್ತಿಗೆ ಹೊಲದವರು ಕೇಳುವಂತೆ ಬೊಬ್ಬೆ ಹಾಕುತ್ತ, ಅರ್ಧ ನಡೆದು ಅರ್ಧ ತೆವಳಿ ಮೇಲೆ ಬಂದಿದ್ದಳು. ಉಸಿರು ಕಟ್ಟಿ ಇಳಿ, ನಾ ಗಾಳಿ ಬೀಸುತ್ತೇನೆ ಎಂದಳು. ಹೊಲಿಯುತ್ತಿದ್ದ ಕೌದಿಯನ್ನು ಎರಡೂ ಕೈಯಲ್ಲಿ ಹಿಡಿದು ಹಗೇವಿನ ಬಾಯಿಗೆ ಬೀಸತೊಡಗಿದಳು. ಹಗೇವಿನ ಮೇಲೆ ಹಾಯಲೂ ಹೆದರುತ್ತಿದ್ದ ಓತಲವ್ವ ಹಗೇವಿನೊಳಗೆ ಇಳಿದಳು. ಒಂದು ಉಸಿರಿಗೆ ಒಂದು ಕೂಸು. ಫಕೀರವ್ವನನ್ನು ತಂದಳು, ಸೋಮವ್ವನನ್ನು ತಂದಳು, ಮೂರನೆಯ ಸಲ ಇಳಿದವಳು ಮೇಲೆ ಬರಲಿಲ್ಲ. ಅಷ್ಟರಲ್ಲಿ ಹೊಲದಿಂದ ಓಡಿಬಂದ ಗಂಡಸರು ಹಗ್ಗ ಕಟ್ಟಿಕೊಂಡು ಇಳಿದು ಹುಡುಗರಿಬ್ಬರನ್ನೂ ಆಕೆಯನ್ನೂ ಎತ್ತಿ ಹಾಕಿದರು. ಬೇವಿನ ನೆರಳಲ್ಲಿ ಮಲಗಿಸಿ ಮುಖಕ್ಕೆ ನೀರು ಚಿಮುಕಿಸಿದರು. ಮಕ್ಕಳು ಒಂದೊಂದಾಗಿ ಕೆಮ್ಮಿ ಕಣ್ಣು ಬಿಟ್ಟವು. ಓತಲವ್ವ ಬಿಡಲಿಲ್ಲ. ಆಗ ಹಾಲವ್ವ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಯ ಹತ್ತಿರ ಬಾಗಿ, ಓತಲವ್ವ, ಓತಲವ್ವ ಎಂದು ಎರಡು ಸಲ ಕೂಗಿ, ತುಸು ತಡೆದು, ಮೂರನೆಯ ಸಲ ಕೂಗಿದಳು. ಓತಲವ್ವ ಕಣ್ಣು ಬಿಡದೆಯೇ ‘ಬಂದೀನ್ರಿ’ ಎಂದಳಂತೆ.

ಅಂದಿನಿಂದ ಇದು ಮೂರು ಕೂಗಿನ ದಿಬ್ಬವಾಯಿತು. ಓತಲವ್ವ ಮತ್ತೆ ಹನ್ನೊಂದು ವರ್ಷ ಇಲ್ಲಿ ಕಲಿಸಿದಳು. ಹೊಸ ಹಾಜರಿ ಪುಸ್ತಕದಲ್ಲಿಯೂ ಕಲ್ಲವ್ವನ ಹೆಸರನ್ನೇ ಮೊದಲು ಬರೆದಳು, ಪ್ರತಿ ಹೆಸರನ್ನೂ ಮೂರು ಸಲ ಕೂಗಿದಳು. ನೋಡಲು ಬಂದ ಮಿಶನ್ನಿನ ಹಿರಿಯರು, ಮೂಢನಂಬಿಕೆಗೆ ನೀನೇ ತಲೆಬಾಗಿದೆಯಲ್ಲ ಎಂದು ಕೇಳಿದಾಗ, ಇಲ್ಲಿ ನಾನು ಮನುಷ್ಯಳೆಂದು ದಿನವೂ ಹೇಳಬೇಕಾಗುತ್ತದೆ ಎಂದಳಂತೆ. ಹಲ್ಲಿಗೆ ಹೆದರುವುದನ್ನು ಮಾತ್ರ ಕಡೆಯವರೆಗೂ ಬಿಡಲಿಲ್ಲ. ಕಲ್ಲವ್ವನ ಹೆಸರಿಗೆ ಓಗೊಟ್ಟವರು ಯಾರೆಂದು ಊರಿನಲ್ಲಿ ಬಹಳ ಮಾತಾಯಿತು. ಅದು ಕಲ್ಲವ್ವನೇ ಎಂದು ಹಾಲವ್ವ ನಂಬಿ ಸತ್ತಳು. ಅಜ್ಜಿ ಆ ಮಾತಿಗೆ ಎಂದೂ ಎದುರು ಹೇಳಲಿಲ್ಲ. ತನ್ನ ಕಡೆಯ ವರ್ಷದಲ್ಲಿ ನನ್ನೊಬ್ಬನಿಗೆ ಹೇಳಿದಳು: “ನಾನಪಾ ಅಂದಾಕಿ. ಮೂರನೇದ್ದು ಕೂಗಿದ್ಲು. ಕಲ್ಲಿ ಪರವಾಗಿ ಯಾರರೆ ಅನಬೇಕಲ್ಲ?”

ನಾನು ಈ ಶಾಲೆಗೆ ಬಂದ ಮೊದಲ ದಿನ, ಹೊಸ ಮೇಷ್ಟರ ಠೀವಿಯಲ್ಲಿ, ಅಜ್ಜಿಯ ಕತೆ ಗೊತ್ತಿದ್ದೂ ಒಂದೇ ಸಲ ಹೆಸರು ಕೂಗಿದೆ. ನಲವತ್ತೊಂದು ಮಕ್ಕಳು ಬಾಯಿ ಬಿಡದೆ ನನ್ನನ್ನೇ ನೋಡಿದವು. ಮತ್ತೆಂದೂ ಆ ತಪ್ಪು ಮಾಡಲಿಲ್ಲ. ಇಂದಿಗೂ ಬೆಳಿಗ್ಗೆ ಹತ್ತಕ್ಕೆ ಹೋದವರು ನೋಡಬಹುದು. ಮಕ್ಕಳು ಆ ಹಗೇವಿನ ಜಾಳಿಗೆಯ ಕಡೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಾರೆ. ಸರಕಾರದ ಪಟ್ಟಿಯಲ್ಲಿಲ್ಲದ ಒಂದು ಹೆಸರನ್ನು ಮೇಷ್ಟರು ಮೊದಲು ಕೂಗುತ್ತಾರೆ. ಒಂದು ಸಲಕ್ಕೆ ಯಾರೂ ಮಾತಾಡುವುದಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಸಲಕ್ಕೆ ಇಡೀ ಶಾಲೆ ಒಂದೇ ದನಿಯಲ್ಲಿ ‘ಬಂದೀನ್ರಿ’ ಎನ್ನುತ್ತದೆ. ಬೇವಿನ ಕಟ್ಟೆಯ ಮೇಲೆ ಕೂತ ನಾನೂ ಅನ್ನುತ್ತೇನೆ.