ಪರಿಶೀಲನೆಯಲ್ಲಿದೆ

ಚನ್ನವೀರ ಗುರುಗಳನ್ನು ಕೇಳಿದ: "ಕೊಡಲು ಕೈಯಲ್ಲಿ ಏನೂ ಇಲ್ಲದಾಗ, ಭರವಸೆಯನ್ನಾದರೂ ಕೊಡುವುದು ಒಳ್ಳೆಯದಲ್ಲವೇ?"

ಚನ್ನವೀರ ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಾಪಕ. ಓದು ಮುಗಿಸುವ ವಿದ್ಯಾರ್ಥಿಗಳಿಗೆ ಕೆಲಸ ಹುಡುಕಿಕೊಡುವ ವಿಭಾಗವನ್ನು ಅವನಿಗೆ ವಹಿಸಿದ್ದರು. ಆ ವರ್ಷ ಒಂದು ಕಂಪನಿಯೂ ಬಂದಿರಲಿಲ್ಲ. ವಿದ್ಯಾರ್ಥಿಗಳು ಮಾತ್ರ ದಿನವೂ ಬರುತ್ತಿದ್ದರು. ಅವರಿಗೆ ಏನಾದರೊಂದು ಒಳ್ಳೆಯ ಮಾತು ಹೇಳಿ ಕಳಿಸುತ್ತಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ವಿದ್ಯಾರ್ಥಿಗಳಿಗೆ ಕೆಲಸ ತೋರಿಸಿಕೊಡುವ ಒಂದು ಆನ್‌ಲೈನ್ ಸೇವೆಯನ್ನು ಅವನು ನಡೆಸುತ್ತಿದ್ದ. ಆಳು ಬೇಕಾದ ಕಂಪನಿಯವರು ಅದರಲ್ಲಿ ಜಾಹೀರಾತು ಹಾಕುತ್ತಿದ್ದರು. ವಿದ್ಯಾರ್ಥಿಗಳು ಮೊಬೈಲಿನಲ್ಲೇ ಅರ್ಜಿ ಹಾಕುತ್ತಿದ್ದರು. ಅವನು ಕೆಟ್ಟವನಲ್ಲ. ತಾನೂ ಡಿಗ್ರಿ ಹಿಡಿದುಕೊಂಡು ಊರೂರು ಅಲೆದವನು. ತನಗೆ ಬಂದ ಕಷ್ಟ ಬೇರೆಯವರಿಗೆ ಬಾರದಿರಲಿ ಎಂದೇ ಇದನ್ನು ಶುರುಮಾಡಿದ್ದ. ಮೊದಮೊದಲು ಬಹಳ ಜನಕ್ಕೆ ಕೆಲಸ ಸಿಕ್ಕಿತು. ಸಿಕ್ಕವರು ಅವನ ಕಚೇರಿಗೆ ಬಂದು ಸಿಹಿ ಕೊಟ್ಟು ಹೋಗುತ್ತಿದ್ದರು.

ಆಮೇಲೆ ಕಾಲ ಕೆಟ್ಟಿತು. ಕಂಪನಿಗಳು ಜಾಹೀರಾತು ಕೊಡುವುದನ್ನು ಕಡಿಮೆ ಮಾಡಿದವು. ಕೆಲವು ಕಂಪನಿಗಳು ಮುಚ್ಚಿಯೇ ಹೋದವು. ವ್ಯಾಪಾರಿಯ ಕಚೇರಿಯನ್ನು ನೋಡಿಕೊಳ್ಳುತ್ತಿದ್ದ ಮ್ಯಾನೇಜರ್ ಹೇಳಿದ: "ಹಳೆಯ ಜಾಹೀರಾತುಗಳನ್ನು ತೆಗೆಯುವುದು ಬೇಡ. ತೆಗೆದರೆ ನಮ್ಮಲ್ಲಿ ಏನೂ ಉಳಿಯುವುದಿಲ್ಲ."

"ಇಲ್ಲದ ಕೆಲಸಕ್ಕೆ ಅರ್ಜಿ ಹಾಕಿಸುವುದು ಹೇಗೆ?" ಎಂದ ವ್ಯಾಪಾರಿ.

"ನಾವು ಹಾಕಿ ಅನ್ನುವುದಿಲ್ಲ, ಅವರೇ ಹಾಕುತ್ತಾರೆ. ಕೆಲಸವಿಲ್ಲ ಅಂದರೆ ಪಾಪ, ಎದೆ ಒಡೆದುಕೊಳ್ಳುತ್ತಾರೆ. ಪರಿಶೀಲನೆಯಲ್ಲಿದೆ ಅಂದರೆ ನಾಲ್ಕು ದಿನ ನೆಮ್ಮದಿಯಿಂದ ಊಟ ಮಾಡುತ್ತಾರೆ."

ವ್ಯಾಪಾರಿಗೆ ಈ ಮಾತು ಹಿಡಿಸಿತು. ತನಗೆ ಲಾಭ, ಅವರಿಗೆ ನೆಮ್ಮದಿ. ಅಂದಿನಿಂದ ಅರ್ಜಿ ಹಾಕಿದವರಿಗೆಲ್ಲ "ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ" ಎಂಬ ಸಂದೇಶ ಹೋಗತೊಡಗಿತು. ಸ್ವಲ್ಪ ದಿನ ಕಳೆದ ಮೇಲೆ ಇನ್ನೊಂದು: "ನೀವು ಆಯ್ಕೆಗೆ ಬಹಳ ಹತ್ತಿರದಲ್ಲಿದ್ದೀರಿ." ಈ ಎರಡನೆಯದು ಬಂದವರು ಹೊತ್ತುಹೊತ್ತಿಗೆ ಮೊಬೈಲ್ ತೆರೆದು ನೋಡುತ್ತಿದ್ದರು. ನೋಡಿದಾಗಲೆಲ್ಲ ಅಂಗಡಿ ಸರಕಿನ ಜಾಹೀರಾತುಗಳೂ ಕಾಣುತ್ತಿದ್ದವು, ಅದರ ಹಣ ವ್ಯಾಪಾರಿಗೆ ಬರುತ್ತಿತ್ತು. ವ್ಯಾಪಾರ ಮತ್ತೆ ಚಿಗುರಿತು.

ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ದಾಕ್ಷಾಯಿಣಿ ಎಂಬ ಹುಡುಗಿ ಸೂಕ್ಷ್ಮಜೀವಿಶಾಸ್ತ್ರ ಓದಿದ್ದಳು. ತಂದೆ ಪಕ್ಕದ ತಾಲೂಕಿನಲ್ಲಿ ದರ್ಜಿ. ಔಷಧಿ ತಯಾರಿಸುವ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸವಿದೆ ಎಂಬ ಜಾಹೀರಾತು ನೋಡಿ ಅರ್ಜಿ ಹಾಕಿದಳು. ಮೊದಲನೆಯ ಸಂದೇಶ ಬಂತು. ಎರಡನೆಯದೂ ಬಂತು.

ಆ ವಾರವೇ ಅವಳ ಊರಿನ ಹಾಲಿನ ಡೈರಿಯಿಂದ ಕರೆ ಬಂತು. ಬರುವ ಹಾಲನ್ನು ಪರೀಕ್ಷಿಸುವ ಕೆಲಸ. ಸಂಬಳ ದೊಡ್ಡದಲ್ಲ, ಆದರೆ ಕಾಯಂ ಕೆಲಸ. ಅವಳ ಪ್ರಾಧ್ಯಾಪಕರು ಹೇಳಿದರು: "ಹೋಗಿ ಸೇರಿಕೊಳ್ಳಮ್ಮ. ಓದಿದ್ದು ಉಪಯೋಗಕ್ಕೆ ಬರುತ್ತದೆ."

"ಸರ್, ದೊಡ್ಡ ಕಂಪನಿಯ ಕೆಲಸ ಹತ್ತಿರ ಬಂದಿದೆ. ಈಗ ಇದಕ್ಕೆ ಸೇರಿಬಿಟ್ಟರೆ ಅದು ತಪ್ಪಿಹೋಗುತ್ತದೆ" ಎಂದಳು ದಾಕ್ಷಾಯಿಣಿ.

ಡೈರಿಯ ಕೆಲಸಕ್ಕೆ ಅವಳ ಸಹಪಾಠಿಯೊಬ್ಬಳು ಸೇರಿದಳು.

ದಾಕ್ಷಾಯಿಣಿ ಸಂದೇಶವನ್ನು ತಂದೆಗೆ ತೋರಿಸಿದಳು. ಅವರು ಅದನ್ನು ಅವಳಿಂದ ಎರಡು ಸಲ ಓದಿಸಿ ಕೇಳಿದರು. ಬಟ್ಟೆ ಹೊಲಿಸಲು ಬಂದವರಿಗೆಲ್ಲ ಮಗಳಿಗೆ ಔಷಧಿ ಕಂಪನಿಯಲ್ಲಿ ಕೆಲಸ ಆಗುತ್ತಿದೆ ಎಂದು ಹೇಳಿದರು. ಬಂದವರು ಯಾವಾಗ ಸೇರುವುದು ಎಂದು ಕೇಳಿದರೆ, "ಹತ್ತಿರದಲ್ಲೇ ಇದೆ" ಎನ್ನುತ್ತಿದ್ದರು. ಕೇಳುವವರು ಬರಬರುತ್ತಾ ನಕ್ಕು ಕೇಳತೊಡಗಿದರು. ಕಡೆಗೆ ಅವರು ಹೊಲಿಗೆ ಯಂತ್ರವನ್ನು ಬೀದಿಯ ಬಾಗಿಲಿನಿಂದ ಒಳಕೋಣೆಗೆ ಎಳೆದುಕೊಂಡರು.

ಅದನ್ನು ನೋಡಿದ ಮರುದಿನ ದಾಕ್ಷಾಯಿಣಿ ಬಸ್ಸು ಹತ್ತಿ ಆ ಕಂಪನಿಯನ್ನೇ ಹುಡುಕಿಕೊಂಡು ಹೋದಳು. ಗೇಟಿಗೆ ಬೀಗ ಹಾಕಿತ್ತು. ಎದುರಿನ ಚಹಾದಂಗಡಿಯವಳು ಹೇಳಿದಳು: "ಅದು ಮುಚ್ಚಿ ವರ್ಷದ ಮೇಲಾತವ್ವ. ನಿನ್ನಂಥೋರು ಇನ್ನೂ ಬರತಾನ ಅದಾರ."

ಅಲ್ಲಿಂದ ಅವಳು ನೇರವಾಗಿ ವ್ಯಾಪಾರಿಯ ಕಚೇರಿಗೆ ಬಂದಳು. ಕೂಗಾಡಲಿಲ್ಲ. "ನನ್ನ ಅರ್ಜಿಯನ್ನು ಯಾರು ಪರಿಶೀಲಿಸುತ್ತಿದ್ದರು?" ಎಂದು ಕೇಳಿದಳು.

ವ್ಯಾಪಾರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಯಾರೂ ಇಲ್ಲ. ಆದರೆ ಆ ದಿನಗಳಲ್ಲಿ ನಿನಗೆ ಧೈರ್ಯ ಇತ್ತಲ್ಲವೇ?"

"ಇತ್ತು. ಆ ಧೈರ್ಯದಿಂದಲೇ ಕೈಯಲ್ಲಿದ್ದ ಕೆಲಸ ಬಿಟ್ಟೆ."

ವ್ಯಾಪಾರಿ ತಲೆ ತಗ್ಗಿಸಿದ. ನಿಜವಾಗಿಯೂ ಅವನಿಗೆ ನೋವಾಯಿತು. "ನನ್ನಲ್ಲೇ ಕೆಲಸ ಕೊಡುತ್ತೇನೆ. ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ನಾಳೆಯಿಂದ ಬಾ" ಎಂದ. ದಾಕ್ಷಾಯಿಣಿಗೆ ಹೊಲಿಗೆ ಯಂತ್ರದ ನೆನಪಾಯಿತು. ಕೆಲಸವಾಯಿತು ಎಂದು ಹೇಳಲು ತಂದೆಗೆ ಒಂದು ಮಾತು ಸಿಗುತ್ತದೆ ಎಂದುಕೊಂಡು ಒಪ್ಪಿದಳು.

ಮರುದಿನ ಕೆಲಸಕ್ಕೆ ಕುಳಿತಳು. ಮೊದಲ ಪ್ರಶ್ನೆ ಹಾಸ್ಟೆಲಿನ ಹುಡುಗನೊಬ್ಬನದು. "ಮೇಡಂ, ಆಯ್ಕೆಗೆ ಹತ್ತಿರದಲ್ಲಿದ್ದೇನೆ ಎಂದು ಬಂದಿದೆ. ಇಲ್ಲೇ ಒಂದು ಸಹಕಾರಿ ಬ್ಯಾಂಕಿನವರು ಗುಮಾಸ್ತನ ಕೆಲಸಕ್ಕೆ ಕರೆದಿದ್ದಾರೆ. ಹೋಗಲೇ, ಕಾಯಲೇ?"

ಹೀಗೆ ಕೇಳಿದವರಿಗೆ ಏನು ಬರೆಯಬೇಕೆಂದು ಮ್ಯಾನೇಜರ್ ಹೇಳಿಕೊಟ್ಟಿದ್ದ. ಅವಳು ಅದನ್ನು ಬರೆಯಲಿಲ್ಲ. "ಇಲ್ಲಿ ಕೆಲಸವಿಲ್ಲ. ಕಂಪನಿಯೇ ಇಲ್ಲ. ಬ್ಯಾಂಕಿಗೆ ಹೋಗು" ಎಂದು ಬರೆದಳು. ಎರಡನೆಯವರಿಗೂ ನಿಜವನ್ನೇ ಬರೆದಳು. ಮಧ್ಯಾಹ್ನದ ಊಟಕ್ಕೂ ಏಳದೆ ಬರೆದಳು. ಬಹಳ ದಿನಗಳ ಮೇಲೆ ಅವಳಿಗೆ ಮನಸ್ಸು ಹಗುರವಾಗಿತ್ತು.

ಉತ್ತರಗಳು ಬರತೊಡಗಿದವು. "ನೀವು ಯಾರು ಹೇಳಲಿಕ್ಕೆ?" ಎಂದು ಒಬ್ಬ ಬರೆದ. "ಕೆಲಸವನ್ನು ನಿಮ್ಮವರಿಗೆ ಕೊಡಲು ನಮ್ಮನ್ನು ಓಡಿಸುತ್ತಿದ್ದೀರಿ" ಎಂದು ಇನ್ನೊಬ್ಬಳು ಬರೆದಳು. ಮ್ಯಾನೇಜರನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು.

ವ್ಯಾಪಾರಿ ಓಡಿ ಬಂದ. "ಕರೆದು ಕೆಲಸ ಕೊಟ್ಟರೆ ನನ್ನ ಅನ್ನಕ್ಕೇ ಮಣ್ಣು ಹಾಕಿದೆಯಲ್ಲ! ಅವರಿಗೆ ಬೇಕಾದುದನ್ನೇ ನಾನು ಕೊಡುತ್ತಿದ್ದೆ. ಈಗಲಾದರೂ ಗೊತ್ತಾಯಿತೇ?"

ದಾಕ್ಷಾಯಿಣಿ ಚೀಲ ತೆಗೆದುಕೊಂಡು ಎದ್ದು ಹೋದಳು.

ಅವಳು ಮೆಟ್ಟಿಲಿಳಿಯುವ ಮೊದಲೇ ಮ್ಯಾನೇಜರ್ ಎಲ್ಲರಿಗೂ ಒಂದು ಸಂದೇಶ ಕಳಿಸಿದ: "ತಾಂತ್ರಿಕ ದೋಷದಿಂದ ತಪ್ಪು ಮಾಹಿತಿ ಬಂದಿದೆ. ಕ್ಷಮಿಸಿ. ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ." ಹುಡುಗರು ನಿಟ್ಟುಸಿರು ಬಿಟ್ಟರು. ಬೈದವರೇ ಧನ್ಯವಾದ ಬರೆದರು. ಹಾಸ್ಟೆಲಿನ ಹುಡುಗ ಎರಡು ಸಂದೇಶಗಳನ್ನೂ ಮತ್ತೆ ಮತ್ತೆ ಓದಿದ. ಎರಡರಲ್ಲಿ ಒಂದನ್ನು ನಂಬಬೇಕಿತ್ತು. ಕಡೆಯದನ್ನು ನಂಬಿದ. ಬ್ಯಾಂಕಿನವರಿಗೆ ಫೋನು ಮಾಡಿ ಬರುವುದಿಲ್ಲವೆಂದು ಹೇಳಿದ.

ದಾಕ್ಷಾಯಿಣಿ ಊರಿಗೆ ಹೋದಳು. ನಡೆದದ್ದನ್ನು ತಂದೆಗೆ ಹೇಳಿದಳು. ಅವರು ಹೊಲಿಯುತ್ತಲೇ ಕೇಳಿದರು. ಎಲ್ಲ ಕೇಳಿದ ಮೇಲೆ, "ಅಷ್ಟು ದಿನ ಎಲ್ಲರಿಗೂ ನಾನು ಹೇಳಿದ್ದು ಸುಳ್ಳಾಯಿತಲ್ಲ" ಎಂದರು. ಅವಳು ಈಗ ತನ್ನೂರಿನ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಾಳೆ. ವ್ಯಾಪಾರಿ ಇನ್ನೊಂದು ಊರಿನಲ್ಲಿಯೂ ಕಚೇರಿ ತೆರೆದಿದ್ದಾನೆ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರ ಹೇಳಿದ: "ಗುರುಗಳೇ, ಆ ವ್ಯಾಪಾರಿ ಲಾಭಕ್ಕಾಗಿ ಸುಳ್ಳು ಹೇಳಿದ. ನನಗೆ ಲಾಭವೇನಿದೆ? ಎಲ್ಲ ಆಗುತ್ತದೆ, ಸ್ವಲ್ಪ ತಾಳಿ ಎನ್ನುತ್ತೇನೆ. ಅಷ್ಟೇ."

ಗುರುಗಳು ಕೇಳಿದರು: "ನಿನ್ನ ಮಾತಿಗೆ ತಾಳಿದವರು ಯಾವುದನ್ನು ಬಿಟ್ಟು ತಾಳಿದ್ದಾರೆಂದು ಅವರಲ್ಲಿ ಒಬ್ಬರನ್ನಾದರೂ ಕೇಳಿದ್ದೀಯಾ?"