ಚಿವುಟಿದ ಹೀಚು

ಹೊಳೆಯ ದಂಡೆಯಲ್ಲಿ ಮುಪ್ಪಯ್ಯನೆಂಬ ಗುರುವಿನ ಗುಡಿಸಲಿತ್ತು. ಹಿತ್ತಲಿನ ಮರಳು ನೆಲದಲ್ಲಿ ಅವನು ಪ್ರತಿ ಬೇಸಿಗೆಗೂ ಕರಬೂಜದ ಬಳ್ಳಿ ಹಬ್ಬಿಸುತ್ತಿದ್ದ. ಹಣ್ಣಾದಾಗ ಅದರ ಘಮ ಹೊಳೆಯಲ್ಲಿ ಬಟ್ಟೆ ಒಗೆಯುವವರ ಮೂಗಿಗೂ ಮುಟ್ಟುತ್ತಿತ್ತು.

ಶಿಷ್ಯರು ಇಬ್ಬರು. ರೇವಣ ಮೊದಲು ಬಂದವನು. ಸೋಮಲಿಂಗ ಆಮೇಲೆ ಬಂದು, ಕೇಳದೆಯೇ ಗುರುವಿನ ಮನಸ್ಸಿನಲ್ಲಿ ಕೂತವನು. ಹೀಗಾದರೆ ಮೊದಲು ಬಂದವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಚೆನ್ನಾಗಿಯೇ ಉರಿಯಿತು.

ಗುರುವಿಗೆ ವಯಸ್ಸಾಗಿತ್ತು. ಕಡೆಯ ಉಪದೇಶ ಕೊಡುವ ದಿನ ಹತ್ತಿರ ಬಂದಿದೆ ಎಂದು ಇಬ್ಬರೂ ಬಲ್ಲರು. ಅದು ಯಾರ ಕಿವಿಗೆ ಬೀಳುತ್ತದೆ? ರೇವಣನಿಗೆ ಉಣ್ಣುವಾಗಲೂ ಅದೇ ಚಿಂತೆ, ಮಲಗುವಾಗಲೂ ಅದೇ.

ಒಂದು ಬೆಳಿಗ್ಗೆ ಗುರು ಬಳ್ಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೀಚುಗಳನ್ನು ಚಿವುಟುತ್ತಿದ್ದ. ನಿಂಬೆ ಗಾತ್ರದ ಎಳೆಗಾಯಿಗಳು ಮರಳಿನ ಮೇಲೆ ಬೀಳುತ್ತಿದ್ದವು.

"ಛಲೋ ಕಾಯಿ ಅದಾವಲ್ಲರಿ ಅಪ್ಪಾರ, ಯಾಕ ಚಿವುಟ್ತೀರಿ?" ರೇವಣ ಕೇಳಿದ.

"ಎಲ್ಲಾ ಬಿಟ್ರ ಎಲ್ಲಾ ಸಪ್ಪಗ ಆಗ್ತಾವು. ಒಂದ ಉಳಿಸಿದ್ರ ಬಳ್ಳಿ ಸಿಹಿ ಪೂರಾ ಅದಕ್ಕ ಹೋಗತೈತಿ."

ರೇವಣ ತಲೆಯಾಡಿಸಿದ. ಪಾಠ ತಲೆಗೆ ಹೋಯಿತು. ಎಲ್ಲಿಗೆ ಹೋಗಬಾರದಿತ್ತೋ ಅಲ್ಲಿಗೂ ಹೋಯಿತು.

ಅಂದು ಮಧ್ಯಾಹ್ನ ಸೋಮಲಿಂಗ ಹೊಳೆಯಿಂದ ಕೊಡ ಹೊತ್ತು ಬರುತ್ತಿದ್ದಾಗ ರೇವಣ ದಾರಿಗೆ ಅಡ್ಡ ನಿಂತ.

"ಅಪ್ಪಾರು ನಿನಗ ಹೋಗಂದಾರ."

"ಎಲ್ಲಿಗಿ?"

"ಎಲ್ಲಿಗ್ಯಾದರೂ. ಉಪದೇಶ ತಗೊಳ್ಳೋ ಯೋಗ್ಯತಾ ನಿನಗಿಲ್ಲಂತ. ಎದುರಿಗೆ ಹೇಳಾಕ ಅವರಿಗೆ ಮನಸ ಬರವಲ್ದು. ನೀನೂ ಕೇಳಾಕ ಹೋಗಿ ನೋಯಿಸಬ್ಯಾಡ."

ಸೋಮಲಿಂಗ ಕೊಡ ಇಳಿಸಿದ. ಅವನ ಮುಖ ಬಾಡಿತು. ಒಳಗೆ ಗುರು ಮಲಗಿದ್ದ. ಹೊರಗಿನಿಂದಲೇ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಅವನು ಹೊಳೆ ದಾಟಿಸುವ ದೋಣಿಯ ಕಡೆ ನಡೆದ. ಗುರುವಿನ ಮಾತೆಂದರೆ ಸಾಕು, ಅದು ಯಾರ ಬಾಯಿಂದ ಬಂತೆಂದು ನೋಡುವವನಲ್ಲ ಅವನು. ಪಾಪದವನು.

ಅವನು ಬಿಟ್ಟುಹೋದ ಕೊಡವನ್ನು ರೇವಣ ಹೊತ್ತು ತಂದು ಬಳ್ಳಿಗೆ ಸುರಿದ.

ಸಂಜೆ ಗುರು ಕೇಳಿದ, "ಸೋಮ ಎಲ್ಲಿ?"

"ಹೇಳದ ಕೇಳದ ಹೋದನ್ರಿ. ಅಂಥಾವ ಅಂತ ನಾನೂ ತಿಳಿದಿರಲಿಲ್ಲ."

ಗುರು ಅಂದು ಅನ್ನ ಮುಟ್ಟಲಿಲ್ಲ. ಆಮೇಲೆ ದಿನಾ ಹೊತ್ತು ಮುಳುಗುವಾಗ ಅದೊಂದೇ ಮಾತು, "ಸೋಮ ಬಂದನೇನು?" ರೇವಣ ಕಾಲೊತ್ತಿದ, ಗಂಜಿ ಕಾಯಿಸಿದ, ಉಪದೇಶಕ್ಕಾಗಿ ಕಿವಿ ತೆರೆದು ಕಾದ. ಉಪದೇಶ ಬರಲಿಲ್ಲ.

ಹಣ್ಣು ಮಾತ್ರ ಬಂತು. ತೊಟ್ಟು ತಾನಾಗಿಯೇ ಬಿಟ್ಟು ಹಣ್ಣು ಮರಳಿನ ಮೇಲೆ ಕೂತಿತು. ಗುಡಿಸಲು ತುಂಬ ಘಮ.

ಅದೇ ದಿನ ದೋಣಿ ನಡೆಸುವ ದ್ಯಾಮಣ್ಣ ಬಂದು ಗುರುವಿನ ಮುಂದೆ ಕೈಕಟ್ಟಿ ನಿಂತ.

"ಬೈಬ್ಯಾಡ್ರಿ ಅಪ್ಪಾರ, ಒಂದ ಮಾತು. ಆ ಸೋಮಲಿಂಗಪ್ಪಗ ಯಾಕ ಹೊರಗ ಹಾಕಿದ್ರಿ? ಹೊಳಿ ದಾಟೋತನಕ ಅತ್ತ. ಅಪ್ಪಾರು ಹೋಗಂದ್ರು, ನನ್ನ ತಪ್ಪೇನಂತ ತಿಳೀಲಿಲ್ಲ ಅಂದ."

ಗುರು ಕೇಳಿದ, "ಯಾವ ಕಡೆ ಹೋದ?"

"ಸಂತಿ ಮಂದಿಯೊಳಗ ಕೂಡಿ ಹೋದ. ಆಮ್ಯಾಲ ನಾನೂ ಹುಡುಕೇನ್ರಿ. ಯಾರಿಗೂ ಗೊತ್ತಿಲ್ಲ."

ದ್ಯಾಮಣ್ಣ ಹೋದ. ಗುರು ರೇವಣನನ್ನು ನೋಡಿದ. ರೇವಣ ಸುಮ್ಮನಾಗಲಿಲ್ಲ. ಕೆಟ್ಟದ್ದು ಮಾಡಿದವನಿಗೆ ನ್ಯಾಯದ ಮಾತು ಬಲು ಬೇಗ ಸಿಗುತ್ತದೆ.

"ನೀವ ಕಲಿಸಿದ್ದಲ್ಲರಿ? ಒಂದ ಬಳ್ಳಿಗೆ ಒಂದ ಕಾಯಿ."

"ಚಿವುಟಿದಾಂವ ನಾನು," ಗುರು ಅಂದ. "ಒಂದು ಕಾಯಿ ಇನ್ನೊಂದು ಕಾಯಿ ಚಿವುಟಿದ್ದು ನೀ ಎಲ್ಲಿ ನೋಡಿದ್ಯೋ?"

ರೇವಣ ಕಾಲಿಗೆ ಬಿದ್ದ. "ತಪ್ಪಾತ್ರಿ. ನನ್ನೂ ಹೊರಗ ಹಾಕ್ರಿ."

"ಹಾಕೂದಿಲ್ಲ."

ಗುರು ಮರಳಿನ ಮೇಲೆ ಕೂತಿದ್ದ ಹಣ್ಣಿನ ಕಡೆ ನೋಡಿದ.

"ಈ ಹಣ್ಣು ತೊಟ್ಟು ಬಿಟ್ಟ ದಿನ ಇಬ್ಬರಿಗೂ ಕೂಡೇ ಉಪದೇಶ ಹೇಳಾಂವ ಇದ್ದೆ," ಗುರು ಅಂದ.

ರೇವಣ ಅತ್ತ. ನಿಜವಾಗಿಯೇ ಅತ್ತ. ಆದರೆ ಆಸೆ ಎಂಬುದು ಕಣ್ಣೀರಲ್ಲಿ ಕರಗುವ ವಸ್ತುವಲ್ಲ.

"ಇನ್ನ ನನಗೊಬ್ಬನಿಗಾದ್ರೂ ಹೇಳ್ರಿ ಅಪ್ಪಾರ," ಅಂದ.

ಗುರು ಅವನನ್ನೇ ದಿಟ್ಟಿಸಿ ನೋಡಿದ. "ಹಣ್ಣು ತಗೊಂಡು ಬಾ."

ರೇವಣ ತಂದ. ಆ ಗುಡಿಸಲಿನಲ್ಲಿ ವರ್ಷದ ಮೊದಲ ಹಣ್ಣನ್ನು ಗುರುವೇ ಒಡೆಯಬೇಕು, ಅಲ್ಲಿ ಉಣ್ಣುವವರಿಗೆಲ್ಲ ಹಂಚಬೇಕು, ಕಡೆಯ ಹೋಳು ತಾನು ತಿನ್ನಬೇಕು. ಅದು ಅಲ್ಲಿಯ ಪದ್ಧತಿ. ಗುರು ಒಡೆಯಲಿಲ್ಲ. ಇಡೀ ಹಣ್ಣನ್ನು ರೇವಣನ ಮಡಿಲಲ್ಲಿ ಇಟ್ಟ.

"ನಿಮಗ್ರಿ, ಅಪ್ಪಾರ?"

ಗುರು ಗೋಡೆಯ ಕಡೆ ಹೊರಳಿ ಮಲಗಿದ.

"ನೀ ತಿನ್ನು. ಹಂಚಿಕೊಳ್ಳಾಕ ಈ ಮನ್ಯಾಗ ನಿನಗ್ಯಾರೂ ಉಳದಿಲ್ಲ."